ಅಪ್ಪನ ಕಟ್ಟಳೆ, ಮಗನ ಗೇಟು

ಶಹಾಪುರದ ಕಾಲುವೆ ಕಚೇರಿಗೆ ನಾನು ಸೇರಿದಾಗ ಕಂಪ್ಯೂಟರ್ ಕೋಣೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ಒಳಗೆ ಹೋಗಿ ಮೆಲ್ಲಗೆ ಮಾತಾಡಬೇಕು. ಜವಾನ ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಊದುಬತ್ತಿ ಹಚ್ಚುತ್ತಿದ್ದ. ಹೊಗೆ ಒಳಗೆ ಹೋದರೆ ಯಂತ್ರ ಕೆಡುತ್ತದೆ ಎಂದು ನಾನು ಹೇಳಿದ್ದಕ್ಕೆ, "ದೇವರಿಗೇ ಏನೂ ಆಗಿಲ್ಲ, ಇದಕ್ಕೇನ್ ಆಗ್ತದ್ರಿ ಅಕ್ಕಾರ" ಎಂದಿದ್ದ.

ನನ್ನೂರು ಯಾದಗಿರಿ ಹತ್ತಿರದ ಮುದನಾಳ. ಹೆಸರು ಸಿದ್ದಮ್ಮ. ಟೈಪಿಂಗ್ ಪಾಸಾಗಿದ್ದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಎರಡಕ್ಕೂ ಕೀಲಿ ಒತ್ತುವುದೇ ಕೆಲಸವಲ್ಲವೇ ಎಂಬುದು ಆಗಿನ ಸಾಹೇಬರ ವಾದ. ಕೂತವಳು ನಿಧಾನಕ್ಕೆ ಪ್ರೋಗ್ರಾಮ್ ಬರೆಯುವುದನ್ನೂ ಕಲಿತೆ. ಆ ಕಾಲದಲ್ಲಿ ನಾವು ಬರೆಯುತ್ತಿದ್ದದ್ದು ಹರಿದಾಸರ ಕಥೆಯಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನ ಪ್ರೋಗ್ರಾಮು. ನಡುವೆ ಒಂದು ಸಾಲು ಕೆಟ್ಟರೆ ಮತ್ತೆ ಮೊದಲಿನಿಂದ ಓದಬೇಕು. ಯಾವ ಕಾಲುವೆಗೆ ಯಾವ ವಾರ ನೀರಿನ ಸರದಿ ಎಂಬುದನ್ನು ಅದರಲ್ಲಿ ಲೆಕ್ಕ ಹಾಕುತ್ತಿದ್ದೆವು.

ಆಮೇಲೆ ಹೊಸ ಪದ್ಧತಿ ಬಂತು. ಯಾದಗಿರಿಯಲ್ಲಿ ತರಬೇತಿ ಇಟ್ಟು ನನ್ನನ್ನು ಕಳಿಸಿದರು. ಹೋಗಿ ಬಂದ ಮರುದಿನ ಖಾದ್ರಿ ಸಾಹೇಬರು ಕರೆದರು. ಅವರು ನಮ್ಮ ಎಂಜಿನಿಯರು, ಸುರಪುರದವರು. ಎತ್ತರದ ಆಳು, ಮೆತ್ತಗಿನ ದನಿ. ಯಾವ ವಿಷಯವನ್ನೂ ಪೂರ್ತಿ ತಿಳಿಯದೆ ಸಹಿ ಹಾಕುತ್ತಿರಲಿಲ್ಲ. ತಿಳಿದ ಮೇಲೂ ಒಂದು ದಿನ ಬಿಟ್ಟೇ ಹಾಕುತ್ತಿದ್ದರು.

"ಏನ್ ಕಲಿಸಿದ್ರು ಸಿದ್ದಮ್ಮ?"

"ಎಲ್ಲಾ ಈಗ ಕ್ಲಾಸಿನ್ಯಾಗ ಬರೀಬೇಕಂತ್ರಿ ಸರ್."

"ಎಷ್ಟನೇ ಕ್ಲಾಸು?"

ಆ ಕ್ಲಾಸ್ ಶಾಲೆಯದಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿತು. ನಾನು ಅವರಿಗೆ ಹೇಳಿದ್ದನ್ನು ಈಗ ಈ ಕೆಲಸಕ್ಕೆ ಬರುವವರಿಗೂ ಹೇಳುತ್ತೇನೆ. ಕ್ಲಾಸ್ ಎಂದರೆ ಒಂದು ಮನೆತನದ ಪದ್ಧತಿ ಇದ್ದ ಹಾಗೆ. ನಮ್ಮ ಕಾಲುವೆಗೆ 'ಗೇಟು' ಎಂಬ ಕ್ಲಾಸು. ಗೇಟಿಗೆ ಏನೇನು ಮಾಡಲು ಬರುತ್ತದೆ ಎಂಬುದೆಲ್ಲ ಅದರೊಳಗೆ ಬರೆದಿರುತ್ತದೆ. ನೀರು ಅಳೆಯುವುದು, ತಿರುಗಿಸುವುದು, ವರದಿ ಕೊಡುವುದು, ಹೀಗೆ ಒಂದೊಂದು ಕೆಲಸವೂ ಒಂದೊಂದು ಮೆಥಡ್. 'ತೆರೆ' ಎಂಬುದು ಇನ್ನೊಂದು ಮೆಥಡ್. ಅದು ತಾನೇ ಏನೂ ಮಾಡುವುದಿಲ್ಲ. ಒಳಗಿನವರನ್ನು ಒಬ್ಬೊಬ್ಬರಾಗಿ ಕರೆಯುತ್ತದೆ: ಅಳೆ, ತಿರುಗಿಸು, ವರದಿ ಕೊಡು. ನಿಜವಾದ ಪ್ರೋಗ್ರಾಮಿನಲ್ಲಿ ಈ ಹೆಸರೆಲ್ಲ ಇಂಗ್ಲಿಷಿನಲ್ಲಿದ್ದವು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಖಾದ್ರಿ ಸಾಹೇಬರು ನನ್ನ ಕಾಗದದ ಮೇಲೆ ಬೆರಳಿಟ್ಟರು. "ಹೊರಗಿನಿಂದ ಕರಿಯೂ ಮುಂದ 'ಮೂರನೇ ಗೇಟ, ತೆರೆ' ಅಂತ ಹೆಸರ್ ಹಿಡದು ಕರದೀರಿ. ಒಳಗ ಬರೇ 'ತಿರುಗಿಸು' ಅಂತ ಬರದೀರಿ. ಯಾರನ್ನ ತಿರುಗಸಬೇಕು? ನಮ್ ಕಡೆ ಗೇಟ್ ಹಿಂಡೇ ಅದ."

ಕಾಗದವನ್ನು ಪಕ್ಕಕ್ಕೆ ಸರಿಸಿದೆ. ಆಮೇಲೆ ಕೇಳಿದೆ: "ಸರ್, ಮನ್ಯಾಗ ಅಮ್ಮಾರು ನಿಮ್ಮನ್ನ ಏನಂತ ಕರೀತಾರ್ರಿ?"

"ಅಜೀ ಅಂತಾಳ."

"ಹೆಸರ್ ಹೇಳಂಗಿಲ್ಲಲ್ರಿ. ಮತ್ತ ನೀವ ಯಾಕ ಹೋಗ್ತೀರಿ? ಬಾಜೂ ಮನಿ ಸಾಹೇಬ್ರು ಯಾಕ ಬರಂಗಿಲ್ಲ?"

"ಬರ್ಲಿ ನೋಡಮು, ಕಾಲ್ ಮುರೀತೀನಿ" ಎಂದವರು ನಕ್ಕುಬಿಟ್ಟರು. "ಸಮಜ್ ಆಯ್ತು. ಮನಿ ಒಳಗ ಕರದ್ರ ಮನಿಯವನೇ."

ಅಷ್ಟೇ ಅದು. ಕ್ಲಾಸಿನೊಳಗೆ ಹೆಸರಿಲ್ಲದೆ ಕರೆದರೆ, ಯಾವ ಗೇಟಿನ ಕೆಲಸ ನಡೆಯುತ್ತಿದೆಯೋ ಆ ಗೇಟೇ ಓಗೊಡುತ್ತದೆ. ಮೂರನೆಯ ಗೇಟಿಗೆ 'ತೆರೆ' ಎಂದರೆ, ಒಳಗಿನ 'ತಿರುಗಿಸು' ಮೂರನೆಯದಕ್ಕೇ. ಮರುದಿನ ಸಾಹೇಬರು ಸಹಿ ಹಾಕಿದರು.

ಆಗ ನಮ್ಮ ಗೇಟುಗಳೆಲ್ಲ ಕೈಚಕ್ರದವು. ಪ್ರೋಗ್ರಾಮಿನಲ್ಲಿ 'ತಿರುಗಿಸು' ಎಂದರೆ ಪರದೆಯ ಮೇಲೆ ಒಂದು ಸಾಲು ಮೂಡುವುದು, ಅದನ್ನು ನೋಡಿ ನಾನು ಗೇಟು ಕಾಯುವವನಿಗೆ ಫೋನ್ ಮಾಡುವುದು, ಅವನು ಊಟವಾದ ಮೇಲೆ ಹೋಗಿ ಚಕ್ರ ತಿರುಗಿಸುವುದು. ಕೆಲವು ವರ್ಷಗಳ ಮೇಲೆ ಹೊಸಹಾಳದ ಕಡೆ ಹೋಗುವ ಕಾಲುವೆಯ ಬಾಯಿಗೆ ಮೋಟಾರಿನ ಗೇಟು ಬಂತು. ನಮ್ಮ ಕೋಣೆಯಿಂದಲೇ ಸಂಕೇತ ಕಳಿಸಿದರೆ ಅದು ತಾನಾಗಿ ಮೇಲೇಳುತ್ತಿತ್ತು. ಹಾಗಾಗಿ 'ಗೇಟು' ಎಂಬ ಕ್ಲಾಸಿಗೆ 'ಮೋಟಾರು ಗೇಟು' ಎಂಬ ಮಗ ಹುಟ್ಟಿದ. ಅಪ್ಪನ ಪದ್ಧತಿಯೆಲ್ಲ ಮಗನಿಗೂ ಬಂತು, 'ತಿರುಗಿಸು' ಒಂದನ್ನು ಬಿಟ್ಟು. ಅದನ್ನು ಮಗನಿಗೆಂದು ಹೊಸದಾಗಿ ಬರೆದೆ: ಮೊದಲು ಅಪ್ಪನ ಹಾಗೆ ಪರದೆಯ ಮೇಲೆ ಸಾಲು ಮೂಡಿಸು, ಆಮೇಲೆ ಮೋಟಾರು ಹಾಕು.

ಇಲ್ಲಿ ಒಂದು ಪದ ಬಿಟ್ಟುಹೋಗಿತ್ತು. 'ಅಪ್ಪನ ತಿರುಗಿಸು' ಎಂದು ಕರೆಯುವ ಬದಲು ಬರೀ 'ತಿರುಗಿಸು' ಎಂದು ಕರೆದಿದ್ದೆ. ಮನೆಯೊಳಗೆ ಕರೆದರೆ ಮನೆಯವನೇ ತಾನೆ? ಮಗ ತನ್ನನ್ನೇ ಕರೆದುಕೊಂಡ. ಕರೆಸಿಕೊಂಡವನ ಮೊದಲ ಕೆಲಸವೂ ಕರೆಯುವುದೇ. ಅವನು ಮತ್ತೆ ತನ್ನನ್ನೇ ಕರೆದ. ಪ್ರತಿ ಕರೆಯ ಗುರುತಿಗೂ ನಾನು ಪರದೆಯ ಮೇಲೆ ಒಂದು ಸಾಲು ಇಡಿಸಿದ್ದರಿಂದ 'ತಿರುಗಿಸಲು ಹೊರಟಿದೆ, ತಿರುಗಿಸಲು ಹೊರಟಿದೆ' ಎಂದು ಸಾಲುಗಳು ಕೆಳಗಿನಿಂದ ಮೇಲಕ್ಕೆ ಓಡತೊಡಗಿದವು. ಮೋಟಾರು ಮಾತ್ರ ಕದಲಲಿಲ್ಲ. ಅದರ ಸರದಿಯೇ ಬರಲಿಲ್ಲ.

ಖಾದ್ರಿ ಸಾಹೇಬರು ಹಿಂದೆ ಬಂದು ನಿಂತು ಮೆಚ್ಚಿಗೆಯಿಂದ ನೋಡುತ್ತಿದ್ದರು. "ಏನ್ ಕೆಲಸ ಮಾಡ್ತದ ನೋಡ್ರಿ. ನಮ್ ಸ್ಟಾಫಿಗೆ ಕರದು ತೋರಸಬೇಕು."

"ಸರ್, ಇದು ಕೆಲಸ ಮಾಡಾಕತ್ತಿಲ್ರಿ. ಹೊರಟೇನಿ ಹೊರಟೇನಿ ಅಂತ ಹೇಳಾಕತ್ತದ ಅಷ್ಟೇ."

"ಹಂಗಾರ ನಮ್ ಸ್ಟಾಫಿನಂಗೇ ಅದ ತಗೋರಿ" ಎಂದು ಅವರು ಹೊರಟುಹೋದರು. ಸ್ವಲ್ಪ ಹೊತ್ತಿಗೆ ಯಂತ್ರದ ನೆನಪಿನ ಜಾಗ ತುಂಬಿ ಪ್ರೋಗ್ರಾಮು ಬಿದ್ದಿತು. ಬಿಟ್ಟ ಪದವನ್ನು ಸೇರಿಸಿದೆ. ಗೇಟು ಎದ್ದಿತು. ನಾವೆಲ್ಲ ಪೇಡೆ ತಿಂದೆವು.

ನಿಜವಾದ ಕಥೆ ಆಮೇಲಿನದು. ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಆ ವಾರ ಹೊಸಹಾಳ ಕಾಲುವೆಗೆ ಸರದಿ ಇರಲಿಲ್ಲ. ದೊಡ್ಡ ಕಾಲುವೆ ತುಂಬಿ ಹರಿಯುತ್ತಿದ್ದರೂ ಆ ಕಡೆಯ ಗೇಟು ಮುಚ್ಚಿತ್ತು. ಸರದಿ ಇಲ್ಲದಾಗ ನೀರು ಬಿಡುವಂತಿಲ್ಲ. ಬಿಡದೆ ತೋರಿಸುವುದು ಹೇಗೆ?

"ಒಂದು ಪರೀಕ್ಷಾ ಬಟನ್ ಹಾಕ್ರಿ" ಎಂದರು ಖಾದ್ರಿ ಸಾಹೇಬರು. "ಒತ್ತಿದ್ರ ಎಲ್ಲಾ ಪರದೆ ಮ್ಯಾಲೇ ಆಗಬೇಕು. ಅಪ್ಪನ ಕ್ಲಾಸಿನ್ಯಾಗೇ ಬರೀರಿ, ಎಲ್ಲಾ ಗೇಟಿಗೂ ಬರ್ತದ."

ಮಾತು ಸರಿಯಾಗಿಯೇ ಕಂಡಿತು. 'ಗೇಟು' ಕ್ಲಾಸಿನಲ್ಲಿ 'ಪರೀಕ್ಷಿಸು' ಎಂಬ ಮೆಥಡ್ ಬರೆದೆ. ಅದು ಒಳಗೆ 'ತಿರುಗಿಸು' ಎಂದು ಕರೆಯುತ್ತದೆ, ಆಮೇಲೆ 'ಪರೀಕ್ಷೆ ಯಶಸ್ವಿ' ಎಂದು ತೋರಿಸುತ್ತದೆ. ಅಪ್ಪನ 'ತಿರುಗಿಸು' ಪರದೆಯ ಮೇಲೆ ಒಂದು ಸಾಲು ಬರೆಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲವಲ್ಲ, ಅಂಜಿಕೆ ಏತಕ್ಕೆ ಎಂದುಕೊಂಡೆವು. ಕೈಚಕ್ರದ ಗೇಟುಗಳ ಮೇಲೆ ಒತ್ತಿ ನೋಡಿದೆವು. ಎಲ್ಲಿಯೂ ಒಂದು ಹನಿ ಕದಲಲಿಲ್ಲ.

ದೊಡ್ಡ ಸಾಹೇಬರು ಬಂದರು. ಮೈಸೂರು ಕಡೆಯವರು, ಮಾತು ಬೆಣ್ಣೆಯಂತೆ. "ಹಳೇದೆಲ್ಲ ಯಾಕಮ್ಮ, ಆ ಹೊಸ ಗೇಟನ್ನೇ ತೋರಿಸಿ. ಇದು ನಿಜವಾಗ್ಲೂ ನೀರು ಬಿಡಲ್ಲ ತಾನೆ?"

"ಇಲ್ರಿ ಸರ್, ಬರೇ ಪರೀಕ್ಷಾ" ಎಂದು ಒತ್ತಿದೆ.

'ಪರೀಕ್ಷೆ ಯಶಸ್ವಿ' ಎಂದು ಮೂಡಿತು. ಅವರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಎಲ್ಲರೂ ತಟ್ಟಿದರು. ಹಾರ ಹಾಕಿದ್ದಾಯಿತು. ಪಕ್ಕದ ಕೋಣೆಯಲ್ಲಿ ಎಲ್ಲರಿಗೂ ಮಂಡಕ್ಕಿಯ ಸುಸಲಾ ಕೊಟ್ಟರು. ನೀರಾವರಿಯ ಭವಿಷ್ಯದ ಬಗ್ಗೆ ದೊಡ್ಡ ಸಾಹೇಬರು ಮಾತಾಡತೊಡಗಿದರು. ಅವರ ಮಾತು ಬೇಗ ಮುಗಿಯುವ ಜಾತಿಯದಲ್ಲ.

ಮಾತಿನ ನಡುವೆ ನನ್ನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ವರಾಂಡಕ್ಕೆ ಹೋಗಿ ಎತ್ತಿದೆ. ಆ ಮೋಟಾರು ಗೇಟು ಕಾಯುವ ಹಣಮಂತನ ದನಿ.

"ಮೇಡಂ, ಕಾಲುವಿ ಬಂತ್ರಿ."

"ಎಲ್ಲಿಗಿ ಬಂತು?"

"ನನ್ನ ಮ್ಯಾಲೇ ಬಂತ್ರಿ. ನನ್ನ ಫೋನು ನೀರಾಗ ಹೋಗ್ಯದ. ಯಾರೋ ದಾರ್ಯಾಗ ಹೋಗೋರನ್ನ ತರುಬಿ ಅವರ ಫೋನಿನಿಂದ ಮಾಡಾಕತ್ತೀನಿ. ಗೇಟ್ ಎದ್ದು ಭಾಳ್ ಹೊತ್ತಾತು."

ಒಣಗಿದ ಕಾಲುವೆಯೊಳಗೆ ದನ ಇಳಿಯುತ್ತವೆ, ಮಕ್ಕಳು ಆಡುತ್ತವೆ, ಅಡ್ಡದಾರಿ ಎಂದು ಮುದುಕರು ನಡೆಯುತ್ತಾರೆ. "ಹಣಮಂತ, ಒಳಗ ಯಾರರ ಇದ್ರೇನು?"

"ನಾನು, ನನ್ನ ಹೇಣ್ತಿ ಇದ್ದಿವ್ರಿ. ಹತ್ತಿ ಬಂದೀವಿ."

"ಬ್ಯಾರೆ ಯಾರೂ ಇಲ್ಲ?"

"ಮೆಣಸಿನಕಾಯಿ ಇದ್ದುವ್ರಿ."

ಸರದಿ ಇಲ್ಲದ ವಾರ, ಸಿಮೆಂಟಿನ ಕಾಲುವೆಯ ತಳ ಕಣದಂತೆ ಹಸನಾಗಿರುತ್ತದೆ. ಗಾಳಿ ಕಡಿಮೆ, ಬಿಸಿಲು ಹೆಚ್ಚು. ಹಣಮಂತ ತನ್ನ ಹೊಲದ ಕೆಂಪು ಮೆಣಸಿನಕಾಯಿಯನ್ನೆಲ್ಲ ಅಲ್ಲಿ ಹರವಿದ್ದ. ಒಣಗಿದ ಮೆಣಸಿನಕಾಯಿ ಮುಳುಗುವುದಿಲ್ಲ. ಅವು ದಿಬ್ಬಣದಂತೆ ಹೊರಟುಹೋಗಿದ್ದವು.

ಕೋಣೆಗೆ ಓಡಿ 'ಮುಚ್ಚು' ಒತ್ತಿದೆ. ಗೇಟು ಇಳಿಯಿತು. ಆದರೆ ಬಿಟ್ಟ ನೀರು ಗೇಟು ಮುಚ್ಚಿತೆಂದು ಹಿಂದಿರುಗುವುದಿಲ್ಲ. ಖಾದ್ರಿ ಸಾಹೇಬರನ್ನು ಸನ್ನೆ ಮಾಡಿ ಕರೆದು ಹೇಳಿದೆ. ಅವರು ಕಣ್ಣು ಮುಚ್ಚಿ ತೆರೆದರು. ನೇರ ದೊಡ್ಡ ಸಾಹೇಬರ ಹತ್ತಿರ ಹೋಗಿ, ಕೈ ಕಟ್ಟಿ ನಿಂತರು.

"ಸರ್, ಪರೀಕ್ಷಾ ಭಾಳ ಚಲೋ ಆಗ್ಯದ್ರಿ."

"ಅದೇ ಹೇಳಿದ್ನಲ್ಲ ಖಾದ್ರಿ."

"ನಾವು ತಿಳಕೊಂಡದ್ದಕ್ಕಿಂತ ಚಲೋ ಆಗ್ಯದ್ರಿ. ನೀರು ಬಂದದ."

ವಿಚಾರಣೆ ಕಟ್ಟಿಟ್ಟ ಬುತ್ತಿ. ಯಾದಗಿರಿಯಿಂದ ದೇಸಾಯಿ ಎಂಬ ಅಧಿಕಾರಿ ಬಂದರು. ದಪ್ಪ ಮೀಸೆ. ತಮಗೆ ಕಂಪ್ಯೂಟರಿನ ಗಂಧವಿಲ್ಲ ಎಂದು ಬಂದ ಕೂಡಲೇ ತಾವೇ ಹೇಳಿದರು. ಕಂಪ್ಯೂಟರ್ ಕೋಣೆಯಲ್ಲೇ ಕುರ್ಚಿ ಹಾಕಿಸಿ ಕೂತರು. ನಾನು ನೌಕರಿ ಹೋಯಿತೆಂದೇ ಬಂದಿದ್ದೆ. ಸುಳ್ಳು ಹೇಳಿ ಬೇರೆಯವರ ತಲೆಗೆ ಕಟ್ಟುವುದು ಬೇಡ, ಇದ್ದದ್ದು ಹೇಳಿಬಿಡುವುದು ಎಂದು ರಾತ್ರಿಯೇ ತೀರ್ಮಾನಿಸಿದ್ದೆ.

"ಬಟನ್ ಯಾರ್ ಒತ್ತಿದ್ರಿ?"

"ನಾನ್ರಿ" ಎಂದೆ.

"ಬಟನ್ ಹಾಕು ಅಂದವ ನಾನು" ಎಂದರು ಖಾದ್ರಿ ಸಾಹೇಬರು. "ಅಪ್ಪನ ಕ್ಲಾಸಿನ್ಯಾಗ ಬರಿ ಅಂದವನೂ ನಾನೇ. ಅದನ್ನೂ ಬರಕೋರಿ." ಯಾರೂ ಕೇಳಿರಲಿಲ್ಲ. ಅವರ ನಿವೃತ್ತಿ ಹತ್ತಿರದಲ್ಲಿತ್ತು, ಸುಮ್ಮನಿರಬಹುದಿತ್ತು. ನಾನು ಅವರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ದೇಸಾಯಿಯವರು ಪ್ರೋಗ್ರಾಮನ್ನು ಬಿಡಿಸಿ ಹೇಳಲು ಹೇಳಿದರು. ಹೇಳಿದೆ. ಅವರು ತಡೆದರು. "ಪರೀಕ್ಷಿಸು ಅನ್ನೋದು ಅಪ್ಪನ ಕ್ಲಾಸಿನ್ಯಾಗ ಬರದೀರಿ. ಅದರಾಗ ತಿರುಗಿಸು ಅಂತ ಅದ. ಅಪ್ಪಗ ತನ್ನ ತಿರುಗಿಸು ಅದ, ಅದು ಬರೇ ಬರೀತದ. ಮತ್ತ ಅದನ್ನ ಬಿಟ್ಟು ಮಗನ ತಿರುಗಿಸಿಗಿ ಯಾಕ ಹೋತು?"

"ಬರದದ್ದು ಅಪ್ಪನ ಕ್ಲಾಸಿನ್ಯಾಗ ಖರೇ ಅದ್ರಿ. ಆದ್ರ ಅವತ್ತು ಒತ್ತಿದ್ದು ಮೋಟಾರು ಗೇಟಿಗಿ. ಅಲ್ಲಿ ನಿಂತವ ಮಗ. ಕಟ್ಟಳೆ ಎಲ್ಲಿ ಬರದಾರ ಅಂತ ನೋಡಂಗಿಲ್ರಿ, ಯಾರು ನಿಂತಾರ ಅಂತ ನೋಡ್ತದ. ಮಗಗ ತನ್ನದೊಂದು ತಿರುಗಿಸು ಇದ್ರ, ಅದೇ ನಡೀತದ."

ದೇಸಾಯಿಯವರು ಮೀಸೆಯ ಮೇಲೆ ಬೆರಳಾಡಿಸಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ನಮ್ಮಪ್ಪ ಮನ್ಯಾಗ ಒಂದು ಕಟ್ಟಳೆ ಮಾಡಿದ್ದ" ಎಂದರು. "ಬಾಗಿಲಿಗೆ ಯಾರರ ಬರ್ಲಿ, ಕೂಡ್ರಸು, ಕುಡಿಯಾಕ ಕೊಡು, ಕಳಸು. ಅಪ್ಪ ಇರೂತನಕ ಕುಡಿಯಾಕ ಕೊಡೋದಂದ್ರ ಮಜ್ಜಿಗಿ. ಈಗ ನನ್ನ ತಮ್ಮ ಬ್ಯಾರೆ ಮನಿ ಮಾಡ್ಯಾನ. ಅವನೂ ಅಪ್ಪನ ಕಟ್ಟಳೆ ಮುರದಿಲ್ಲ. ಕೂಡ್ರಸ್ತಾನ, ಕುಡಿಯಾಕ ಕೊಡ್ತಾನ, ಕಳಸ್ತಾನ." ದನಿ ತಗ್ಗಿಸಿದರು. "ಹ್ವಾದ ವರ್ಷ ಮಠದ ಅಜ್ಜಾರು ಬಂದಿದ್ರು, ಅವರ ಮುಂದೂ ಬಾಟ್ಲಿ ಇಡಾಕ ಹ್ವಾದ."

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅವರ ಮುಖ ವಿಚಾರಣೆಯ ಮುಖವೇ ಆಗಿತ್ತು.

"ತಪ್ಪು ಕಟ್ಟಳೆದಲ್ಲ" ಎಂದು ಅವರೇ ಮುಂದುವರಿಸಿದರು. "'ಕುಡಿಯಾಕ ಕೊಡು' ಅಂತ ಮೋಘಮ್ ಹೇಳಿದ್ದು ತಪ್ಪು. ಅಪ್ಪ 'ಮಜ್ಜಿಗಿ ಕೊಡು' ಅಂತ ಖಾಸ್ ಹೇಳಬೇಕಾಗಿತ್ತು."

"ಹೌದ್ರಿ ಸರ್" ಎಂದೆ. ಇಷ್ಟು ಚೆನ್ನಾಗಿ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. "ಪರೀಕ್ಷಾಕ್ಕಂತ ಬ್ಯಾರೆ ಹೆಸರಿನ ಮೆಥಡ್ ಬರೀತೀನ್ರಿ. ಪರದೆ ಮ್ಯಾಲೆ ಬರಿಯೋದು ಬಿಟ್ಟು ಏನೂ ಮಾಡಬಾರದು. ಮಕ್ಕಳು ಅದನ್ನ ಬದಲಿ ಮಾಡದಂಗ ಬೀಗಾನೂ ಹಾಕಬಹುದ್ರಿ."

"ಮಕ್ಕಳಿಗೆ ಬೀಗ ಹಾಕಾಕ ಬರ್ತದೇನು?" ಎಂದು ದೇಸಾಯಿಯವರು ಆಸೆಯಿಂದ ಕೇಳಿದರು.

"ಪ್ರೋಗ್ರಾಮಿನ್ಯಾಗ ಬರ್ತದ್ರಿ."

ಇನ್ನುಳಿದದ್ದು ಹಾನಿಯ ಮಾತು. ಹಣಮಂತನನ್ನು ಕರೆಸಿದರು. ಕಾಲುವೆಯಲ್ಲಿ ಬೆಳೆ ಒಣಹಾಕುವುದೇ ಅಪರಾಧವೆಂದು ಅವನಿಗೆ ಗೊತ್ತಿತ್ತು. "ಮೆಣಸಿನಕಾಯಿ ನನಗೇನ್ ಗೊತ್ತಿಲ್ರಿ. ಎಲ್ಲಿಂದ್ಲೋ ಬಂದಿದ್ವು, ಎಲ್ಲಿಗೋ ಹೋದ್ವು" ಎಂದ. ಹಾಗೆಂದು ಹೇಳುವಾಗ ಅವನ ಹೆಂಡತಿ ಬಾಗಿಲಲ್ಲಿ ನಿಂತು ಅವನನ್ನು ನೋಡಿದ ರೀತಿ ನೋಡಿದ್ದರೆ, ಆ ಮನೆಯಲ್ಲಿ ಅವತ್ತು ಒಲೆ ಹೊತ್ತಿರಲಾರದು ಎನ್ನಿಸುತ್ತಿತ್ತು.

ಮೆಣಸಿನಕಾಯಿ ಎಲ್ಲಿಗೆ ಹೋಯಿತೆಂದು ಅಷ್ಟರಲ್ಲೇ ತಿಳಿಯಿತು. ಕಾಲುವೆಯ ಕೊನೆಯ ಊರು ಹೊಸಹಾಳದಿಂದ ಟಂಟಂ ಆಟೋ ತುಂಬ ಜನ ಬಂದಿಳಿದರು. ಹೆಚ್ಚಿನವರು ಹೆಂಗಸರು. ಮುಂದೆ ಮಾನಮ್ಮ ಎಂಬ ಮುದುಕಿ. ಕೈಯಲ್ಲಿ ಚೀಲ. ಹೊಡೆದಾಟಕ್ಕೇ ಬಂದರೆಂದು ಜವಾನ ಕಚೇರಿಯ ಗೇಟು ಹಾಕಲು ಓಡಿದ.

ಮಾನಮ್ಮ ಒಳಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟಳು. ತುಂಬ ಮೆಣಸಿನಕಾಯಿ, ಮತ್ತೆ ಒಣಗಿಸಿದ್ದು. "ಇವು ನಿಮ್ಮ ಕಚೇರಿವು ಇರಬೇಕ್ರಿ. ನೀರಿನ ಜೋಡಿ ಬಂದಾವ. ಆರಿಸಿ, ಒಣಗಿಸಿ ತಂದೀವಿ. ಬ್ಯಾರೆವರ ಖಾರ ನಮಗ ಬ್ಯಾಡ." ಹಣಮಂತ ಚೀಲವನ್ನು ನೋಡಿದ, ದೇಸಾಯಿಯವರನ್ನು ನೋಡಿದ. ಅವನ ಹೆಂಡತಿ ಒಳಗೆ ಬಂದು, ಯಾರನ್ನೂ ಕೇಳದೆ ಚೀಲ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು. ದೇಸಾಯಿಯವರು ಆ ಹೊತ್ತಿಗೆ ಸರಿಯಾಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಅದಕ್ಕಲ್ಲ ಬಂದದ್ದು" ಎಂದಳು ಮಾನಮ್ಮ. "ನಮ್ಮೂರಿಗೆ ಕಾಲುವಿ ತೋಡಿದಾಗಿಂದ ನಮ್ಮ ತನಕ ನೀರು ಬಂದಿದ್ದಿಲ್ರಿ. ಸರದಿ ಅದ ಅಂತ ಮ್ಯಾಲಿನೂರವ್ರಿಗೆ ಗೊತ್ತಿರ್ತದ. ಕಲ್ಲು, ಚೀಲ ಅಡ್ಡ ಹಾಕಿ, ಪಂಪ್ ಇಳಿಸಿ ಕುಂತಿರ್ತಾರ. ಈ ಸಲ ಯಾರಿಗೂ ಗೊತ್ತಿದ್ದಿಲ್ಲ. ಅವರೆಲ್ಲ ಮಧ್ಯಾಹ್ನ ಉಂಡು ಮಲಗಿದ್ರು. ನೀರು ಸೀದಾ ನಮ್ಮೂರಿಗೆ ಬಂತು. ನನ್ನ ಮೊಮ್ಮಗಳು ನೀರು ನೋಡಿ ಹೆದರಿ ಮನಿಯೊಳಗ ಓಡಿದ್ಳು."

ಕಾಲುವೆಯ ಕೊನೆಗೆ ನೀರು ಮುಟ್ಟುತ್ತಿಲ್ಲವೆಂದು ನಮ್ಮ ಕಚೇರಿಗೆ ತಿಳಿಯದ ವಿಷಯವಲ್ಲ. ಸರದಿಯ ಪ್ರೋಗ್ರಾಮಿನಲ್ಲಿ ಹೊಸಹಾಳದ ಹೆಸರಿನ ಮುಂದೆ ಪ್ರತಿ ಸಲವೂ ನೀರು ಕೊಟ್ಟಂತೆಯೇ ಬರುತ್ತಿತ್ತು.

"ಅದೇನೋ ಪರೀಕ್ಷಾ ಮಾಡಿದ್ರಂತಲ್ರಿ, ಅದನ್ನ ಮತ್ತ ಯಾವಾಗ ಮಾಡ್ತೀರಿ?" ಎಂದಳು ಮಾನಮ್ಮ.

"ಪರೀಕ್ಷಾ ಮುಗೀತವ್ವ" ಎಂದರು ಖಾದ್ರಿ ಸಾಹೇಬರು.

"ಪಾಸಾತೇನ್ರಿ?"

"ಎಲ್ಲಿ ಪಾಸು. ಫೇಲ್ ಆತು. ಅದಕ್ಕೇ ಈ ಸಾಹೇಬ್ರು ಬಂದಾರ."

ಮಾನಮ್ಮ ದೇಸಾಯಿಯವರ ಕಡೆ ತಿರುಗಿದಳು. "ಫೇಲಾದ್ರ ಮತ್ತ ಕೂಡ್ರಸಬೇಕಲ್ರಿ ಸಾಹೇಬ್ರ. ನನ್ನ ಮಗನ್ನ ಸಾಲ್ಯಾಗ ಹಂಗೇ ಮಾಡಿದ್ರು."

ದೇಸಾಯಿಯವರು ಪೆನ್ನು ಎತ್ತಿಕೊಂಡರು. ಏನೋ ಬರೆದರು, ಓದಿಕೊಂಡರು, ಒಂದು ಪದ ಹೊಡೆದು ಹಾಕಿದರು. ನಮಗೆ ತೋರಿಸದೆ ಮಡಚಿ ಕಿಸೆಗಿಟ್ಟುಕೊಂಡು ಹೊರಟರು. ನಾನು ಆ ರಾತ್ರಿಯೂ ನೌಕರಿ ಹೋಯಿತೆಂದೇ ಎಣಿಸಿದೆ.

ಆದೇಶ ಬರಲು ತಿಂಗಳುಗಳೇ ಹಿಡಿದವು. ನನಗೆ ಒಂದು ಎಚ್ಚರಿಕೆ, ಖಾದ್ರಿ ಸಾಹೇಬರಿಗೆ ಒಂದು. ಕೆಳಗೆ ಇನ್ನೊಂದು ಸಾಲು: ಸದರಿ ಗೇಟಿನ ಪರೀಕ್ಷೆಯನ್ನು ನಿಜವಾದ ನೀರಿನೊಂದಿಗೆ ಮರಳಿ ನಡೆಸತಕ್ಕದ್ದು. ಕಾಲುವೆಯೊಳಗೆ ಜನ, ಜಾನುವಾರು ಇಲ್ಲದಂತೆ ಅದೇ ಬೆಳಿಗ್ಗೆ ಸಿಬ್ಬಂದಿ ನಡೆದು ನೋಡತಕ್ಕದ್ದು. ಪರೀಕ್ಷೆಯ ದಿನವನ್ನು ಮುಂಚಿತವಾಗಿ ಯಾರಿಗೂ ತಿಳಿಸತಕ್ಕದ್ದಲ್ಲ.

ನಾನು ಎರಡು ಮೆಥಡ್ ಬರೆದೆ. ಬೀಗ ಹಾಕಿದ್ದು ಒಂದು, ಪರದೆಯ ಮೇಲೆ ಮಾತ್ರ. ಇನ್ನೊಂದು ನೀರಿನದು. ಸರದಿ ಇಲ್ಲದ ಒಂದು ವಾರ, ಹಣಮಂತ ಕಾಲುವೆಯ ಉದ್ದಕ್ಕೂ ಸೈಕಲ್ಲಿನಲ್ಲಿ ಹೋಗಿ ನೋಡಿ ಬಂದ ಮೇಲೆ ಅದನ್ನು ಒತ್ತಿದೆವು. ಖಾದ್ರಿ ಸಾಹೇಬರು ನನ್ನನ್ನು ಜೀಪಿನಲ್ಲಿ ಹೊಸಹಾಳಕ್ಕೆ ಕರೆದುಕೊಂಡು ಹೋದರು. ಇಷ್ಟು ವರ್ಷ ಆ ಊರಿಗೆ ನೀರಿನ ಲೆಕ್ಕ ಹಾಕಿದವಳು ಆ ಊರನ್ನು ನೋಡಿದ್ದು ಅವತ್ತೇ. ನೀರು ಮೊದಲು ಸಪ್ಪಳವಾಗಿ ಬಂತು, ಆಮೇಲೆ ಕಸಕಡ್ಡಿಯಾಗಿ, ಆಮೇಲೆ ನೀರಾಗಿ. ಹೆಂಗಸರು ಅರಿಶಿನ ಕುಂಕುಮ ತಂದು ಕಾಲುವೆಗೆ ಹಾಕಿದರು. ಮಾನಮ್ಮ ಸೀರೆ ನೆನೆಯುವಷ್ಟು ಒಳಗಿಳಿದು ನಿಂತಿದ್ದಳು. ಅಂಥ ಕಡೆ ನಿಲ್ಲಬಾರದೆಂದು ಹೇಳಲು ಹೋದವಳು ಚಪ್ಪಲಿ ಬಿಟ್ಟು ದಂಡೆಯ ಮೇಲೆ ಕೂತೆ.

ಕಚೇರಿಗೆ ಮರಳಿದ ಮೇಲೆ ಖಾದ್ರಿ ಸಾಹೇಬರು ಫಲಿತಾಂಶದ ಜಾಗದಲ್ಲಿ ಸ್ವಂತ ಕೈಯಿಂದ ಬರೆದರು: ಪರೀಕ್ಷೆ ತೃಪ್ತಿಕರವಾಗಿಲ್ಲ, ಮತ್ತೊಮ್ಮೆ ನಡೆಸುವುದು. ಅವತ್ತು ಒಂದು ದಿನ ಬಿಡಲಿಲ್ಲ, ಕೂಡಲೇ ಸಹಿ ಹಾಕಿದರು. ಅವರು ನಿವೃತ್ತರಾದ ಮೇಲೆ ಬಂದ ಸಾಹೇಬರಿಗೂ ನಾನು ಹಳೆಯ ಕಾಗದ ತೋರಿಸಿದೆ. ಅವರೂ ಹಾಗೆಯೇ ಬರೆದರು. ನಾನು ಕೆಲಸ ಬಿಡುವವರೆಗೂ ಆ ಗೇಟು ಪಾಸಾಗಲಿಲ್ಲ.